ಯೂರೋಪಿನ ಮಿಷನ್‌ ಮನೆಗಳಲ್ಲಿ ಮೈಸೂರು ಸೀಮೆಯ ದಾಖಲೆಗಳು

ಹೆಡತಲೆ (ನಂಜನಗೂಡು ತಾಲೂಕು): ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ ಹಾಗೂ ಹದಿನಾರು ಮುಖದ ಚಾವಡಿಯಿಂದ ಹೆಸರಾದ ಈ ಗ್ರಾಮಕ್ಕೂ ಯೂರೋಪಿನ ಕ್ರೈಸ್ತ ಮಿಷನ್‌ ಕಟ್ಟಡಗಳಿಗೂ ಎತ್ತಣಿಂದೆತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಸಂಬಂಧ ಇದೆ. ಅದು ಕಲ್ಲಿನ ಮೇಲಿನ ಅಕ್ಷರಗಳ ಮೂಲಕ ಬಂದದ್ದು.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲೂಕುಗಳ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದದ್ದು 1894ರಲ್ಲಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೂರನೆಯ ಸಂಪುಟದಲ್ಲಿ. ಅದರ ಸಂಪಾದಕ ಬೆಂಜಮಿನ್‌ ಲೂಯಿಸ್‌ ರೈಸ್‌. ಹಳೆಯ ಮೈಸೂರಿನ ಊರೂರು ಸುತ್ತಿ, ಸಿಬ್ಬಂದಿಯ ನೆರವಿನಿಂದ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದ ಈ ಅಧಿಕಾರಿ 1837ರಲ್ಲಿ ಬೆಂಗಳೂರಿನಲ್ಲೇ ಜನಿಸಿದವರು. ತಂದೆ ಲಂಡನ್‌ ಮಿಷನರಿ ಸೊಸೈಟಿಯ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಗದ್ದಲದ ನಡುವೆ ಇಂದಿಗೂ ನಿಂತಿರುವ ರೈಸ್‌ ಸ್ಮಾರಕ ಚರ್ಚಿಗೆ ಆ ತಂದೆಯದೇ ಹೆಸರು. ಮಗ ಧರ್ಮಪ್ರಚಾರಕನಾಗಲಿಲ್ಲ, ಶಿಕ್ಷಣ ಇಲಾಖೆಗೆ ಸೇರಿ ಬಳಿಕ ಪುರಾತತ್ವ ಇಲಾಖೆಯ ನಿರ್ದೇಶಕರಾದರು. ಆದರೆ ಕನ್ನಡ ಅವರ ಕಿವಿಗೆ ಬಿದ್ದದ್ದು ಮಿಷನ್‌ ಮನೆಯ ಅಂಗಳದಲ್ಲಿ.

ಇಂದು ಮೈಸೂರು ಜಿಲ್ಲೆಯ ಹಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆ ನೋಡಲೆಂದೋ ತಂದೆ-ತಾಯಿ ಎರಡು ಮೂರು ತಿಂಗಳು ಲಂಡನ್‌, ಸ್ಟುಟ್‌ಗಾರ್ಟ್‌, ಪ್ಯಾರಿಸ್‌ ಕಡೆಗೆ ಹೋಗಿಬರುವುದು ಈಗ ವಿಶೇಷವಲ್ಲ. ಶನಿವಾರ, ಭಾನುವಾರ ಮಕ್ಕಳು ಐಫೆಲ್‌ ಗೋಪುರವನ್ನೋ ಆಲ್ಪ್ಸ್‌ ಹಿಮವನ್ನೋ ತೋರಿಸುತ್ತಾರೆ. ವಾರದ ಉಳಿದ ಐದು ದಿನ ಕಿಟಕಿಯಾಚೆಯ ಮಳೆ ನೋಡುತ್ತ ಕಳೆಯಬೇಕಾಗುತ್ತದೆ. ಆ ಐದು ದಿನಗಳಲ್ಲಿ ನೋಡಬಹುದಾದ, ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಇಲ್ಲದ ಕೆಲವು ಕಟ್ಟಡಗಳಿವೆ. ಕನ್ನಡ ನಾಡಿಗೆ ಮಿಷನರಿಗಳನ್ನು ಕಳುಹಿಸಿದ, ಅವರು ಬರೆದ ಪತ್ರ, ವರದಿ, ಛಾಯಾಚಿತ್ರಗಳನ್ನು ಇಂದಿಗೂ ಕಾಯ್ದಿಟ್ಟಿರುವ ಮನೆಗಳು ಅವು. ತೊಂದರೆಯೆಂದರೆ, ಅವುಗಳ ಬಾಗಿಲಿನ ಮೇಲೆ ಕನ್ನಡದ ಹೆಸರೆಲ್ಲೂ ಇಲ್ಲ. ಏನನ್ನು ಕೇಳಬೇಕೆಂದು ತಿಳಿದು ಹೋದವರಿಗೆ ಮಾತ್ರ ಅಲ್ಲಿ ತಮ್ಮ ಜಿಲ್ಲೆ ಸಿಗುತ್ತದೆ.

ಯಾವ ಜಿಲ್ಲೆ, ಯಾವ ನಗರ

ಕರ್ನಾಟಕಕ್ಕೆ ಬಂದ ಮಿಷನರಿಗಳೆಲ್ಲ ಒಂದೇ ದೇಶದವರಲ್ಲ, ಒಂದೇ ಪಂಥದವರೂ ಅಲ್ಲ. ಪ್ರೊಟೆಸ್ಟೆಂಟ್‌ ಸಂಸ್ಥೆಗಳು ಬಹುಮಟ್ಟಿಗೆ ಪ್ರದೇಶಗಳನ್ನು ಹಂಚಿಕೊಂಡು ಕೆಲಸ ಮಾಡಿದವು. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಕೊಡಗು ಪ್ರದೇಶಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ ಮಿಷನ್ನಿನ ಕಾರ್ಯಕ್ಷೇತ್ರಗಳು. ಬಳ್ಳಾರಿಯಲ್ಲಿ 1810ರಿಂದ ಲಂಡನ್‌ ಮಿಷನರಿ ಸೊಸೈಟಿ ನೆಲೆಯೂರಿತು; ಬೆಂಗಳೂರಿನಲ್ಲೂ ಅದರ ಕೆಲಸವಿತ್ತು. ಮೈಸೂರು, ತುಮಕೂರು, ಹಾಸನ, ಶಿವಮೊಗ್ಗದ ಕಡೆ ಇಂಗ್ಲೆಂಡಿನ ವೆಸ್ಲಿಯನ್‌ ಮೆಥಡಿಸ್ಟರು. ಕ್ಯಾಥೋಲಿಕ್‌ ಪಂಗಡದಲ್ಲಿ ಮೈಸೂರು ಸೀಮೆಗೆ ಮೊದಲು ಬಂದವರು ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿ ಮೂಲದ ಜೆಸ್ವಿಟರು, ಅನಂತರ ಪ್ಯಾರಿಸ್‌ ವಿದೇಶ ಮಿಷನ್‌ ಸಂಘದ ಫ್ರೆಂಚ್‌ ಪಾದ್ರಿಗಳು.

ಆದ್ದರಿಂದ ಮಂಗಳೂರಿನ ಹಂಚಿನ ಕಾರ್ಖಾನೆಯ ಚಿತ್ರ ಬೇಕಾದವರು ಬಾಸೆಲಿಗೆ ಹೋಗಬೇಕು. ನಂಜನಗೂಡು, ನರಸೀಪುರದ ಕಡೆಯವರು ಅಲ್ಲಿ ಹುಡುಕಿದರೆ ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ಅವರ ದಾರಿ ಪ್ಯಾರಿಸ್‌, ಲಂಡನ್‌ ಮತ್ತು ರೋಮ್‌. ಕರ್ನಾಟಕದಲ್ಲಿ ‘ಮಿಷನ್‌’ ಎಂದ ಕೂಡಲೇ ಬಾಸೆಲ್‌ ನೆನಪಾಗುವ ಅಭ್ಯಾಸದಿಂದ ಈ ವ್ಯತ್ಯಾಸ ಹಲವರ ಗಮನಕ್ಕೆ ಬರುವುದೇ ಇಲ್ಲ.

ಪ್ಯಾರಿಸ್‌: ‘ದೊಡ್ಡ ಸ್ವಾಮಿ’ ಮರಳಿದ ಬೀದಿ

ಪ್ಯಾರಿಸ್ಸಿನ ರ್‍ಯೂ ದು ಬಾಕ್‌ ಎಂಬ ಬೀದಿ ಪ್ರವಾಸಿಗರಿಗೆ ಅಪರಿಚಿತವಲ್ಲ. ಮೂಲೆಯಲ್ಲೇ ಬಾನ್‌ ಮಾರ್ಶೆ ಎಂಬ ಹೆಸರಾಂತ ಮಳಿಗೆ ಇದೆ. 140ನೇ ಸಂಖ್ಯೆಯಲ್ಲಿ ಪವಾಡ ಪದಕದ ಮಾತೆಯ ಪ್ರಾರ್ಥನಾಲಯಕ್ಕೆ ಜನ ಸಾಲುಗಟ್ಟಿ ಬರುತ್ತಾರೆ. ಭಾರತದ ಕ್ಯಾಥೋಲಿಕ್‌ ಯಾತ್ರಿಕರೂ ತಪ್ಪದೆ ಭೇಟಿ ನೀಡುವ ಸ್ಥಳವದು. ಅಲ್ಲಿಂದ ಕೆಲವೇ ಹೆಜ್ಜೆ ಹಿಂದೆ, 128ನೇ ಸಂಖ್ಯೆಯ ಬಾಗಿಲೊಳಗೆ, ಹದಿನೇಳನೆಯ ಶತಮಾನದಲ್ಲಿ ಸ್ಥಾಪನೆಯಾದ ಪ್ಯಾರಿಸ್‌ ವಿದೇಶ ಮಿಷನ್‌ ಸಂಘದ ಮನೆ ಇದೆ. ಮೈಸೂರು ಸೀಮೆಯ ಕಥೆ ಇರುವುದು ಈ ಎರಡನೆಯ ಬಾಗಿಲಿನಲ್ಲಿ.

ಆಬೆ ದುಬುವಾ ಈ ಸಂಘದವರು. 1792ರಲ್ಲಿ ಭಾರತಕ್ಕೆ ಹೊರಟ ಅವರು, 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಿದರು. ಕಾವಿ ಬಣ್ಣದ್ದಲ್ಲದಿದ್ದರೂ ದೇಶೀ ಉಡುಪು, ದೇಶೀ ಊಟ, ನೆಲದ ಮೇಲಿನ ಕೂರಿಕೆ, ಮಾಂಸಾಹಾರವನ್ನೂ ತೊರೆದಿದ್ದರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದು ಕರೆಯುತ್ತಿದ್ದರೆಂಬುದು ಪ್ರಸಿದ್ಧ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸ ಇನ್ನೂ ಹೊಸದಾಗಿದ್ದ 1803-04ರ ವೇಳೆಗೇ ಮೈಸೂರು ಸೀಮೆಯಲ್ಲಿ ಅದನ್ನು ಹಬ್ಬಿಸಿದವರಲ್ಲಿ ಅವರೂ ಒಬ್ಬರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ.

ಹಿಂದೂ ಆಚಾರ-ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಮದರಾಸಿನ ಗವರ್ನರ್‌ ವಿಲಿಯಂ ಬೆಂಟಿಂಕ್‌ 1807ರಲ್ಲಿ ಈಸ್ಟ್‌ ಇಂಡಿಯಾ ಕಂಪನಿಗಾಗಿ 8,000 ರೂಪಾಯಿ ಕೊಟ್ಟು ಖರೀದಿಸಿದರು. 1816ರಲ್ಲಿ ಅದರ ಇಂಗ್ಲಿಷ್‌ ಅನುವಾದ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನವಿಡೀ ದಕ್ಷಿಣ ಭಾರತಕ್ಕೆ ಬಂದ ಇಂಗ್ಲಿಷ್‌ ಅಧಿಕಾರಿಗಳು ಈ ಪುಸ್ತಕವನ್ನು ಓದಿಯೇ ನಮ್ಮ ಜಾತಿ, ಮದುವೆ, ಹಬ್ಬ, ಶ್ರಾದ್ಧಗಳನ್ನು ಅರ್ಥ ಮಾಡಿಕೊಳ್ಳಲು ಯತ್ನಿಸಿದರು. ಪುಸ್ತಕದಲ್ಲಿ ಸೂಕ್ಷ್ಮ ಅವಲೋಕನದ ಪುಟಗಳಿವೆ, ತೀರಾ ಕಹಿಯಾದ ಪುಟಗಳೂ ಇವೆ. ಆದರೆ ಅದರ ದೊಡ್ಡ ಭಾಗ ದುಬುವಾ ಅವರ ಸ್ವಂತದ್ದಲ್ಲ, ಅವರಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿದ್ದ ಜೆಸ್ವಿಟ್‌ ಪಾದ್ರಿ ಕೂರ್ದೂ ಅವರ ಬರಹದಿಂದ ಬಂದದ್ದು ಎಂಬುದನ್ನು ಫ್ರೆಂಚ್‌ ವಿದ್ವಾಂಸೆ ಸಿಲ್ವಿಯಾ ಮೂರ್‌ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ನಮ್ಮ ಜಿಲ್ಲೆಯ ಬದುಕಿನ ಕಣ್ಣಾರೆ ಕಂಡ ಚಿತ್ರವೆಂದು ಅದನ್ನು ಇಂದಿಗೂ ಉಲ್ಲೇಖಿಸುವವರು ಈ ಸಂಗತಿಯನ್ನು ಮರೆಯುವಂತಿಲ್ಲ.

ಇನ್ನೊಂದು ವಿಚಿತ್ರವಿದೆ. ಮೂರು ದಶಕಗಳ ಸೇವೆಯ ಬಳಿಕ 1823ರಲ್ಲಿ ಸ್ವದೇಶಕ್ಕೆ ಮರಳಿದ ದುಬುವಾ, ಹಿಂದೂಗಳನ್ನು ಮತಾಂತರಗೊಳಿಸುವುದು ಆಗಿನ ಪರಿಸ್ಥಿತಿಯಲ್ಲಿ ಅಸಾಧ್ಯವೆಂಬ ಅಭಿಪ್ರಾಯವನ್ನು ಅದೇ ವರ್ಷ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಪ್ರೊಟೆಸ್ಟೆಂಟ್‌ ಮಿಷನರಿಗಳು ಕೆರಳಿ ಪ್ರತ್ಯುತ್ತರ ಬರೆದರು. ಇಷ್ಟಾದರೂ ಅವರನ್ನು ಸಂಘ ದೂರ ಮಾಡಲಿಲ್ಲ. ರ್‍ಯೂ ದು ಬಾಕ್‌ನ ಇದೇ ಮನೆಯ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿ 1848ರಲ್ಲಿ ಅವರು ನಿಧನರಾದರು.

ಮನೆಯ ಪ್ರಾರ್ಥನಾಲಯದ ಕೆಳಗಿನ ನೆಲಮಾಳಿಗೆಯಲ್ಲಿ ಹುತಾತ್ಮರ ಕೋಣೆಯಿದೆ. ವಿಯೆಟ್ನಾಂ, ಚೀನಾ, ಕೊರಿಯಾಗಳಲ್ಲಿ ಕೊಲ್ಲಲ್ಪಟ್ಟ ಪಾದ್ರಿಗಳ ವಸ್ತುಗಳನ್ನು ಅಲ್ಲಿ ಇಡಲಾಗಿದೆ. ಮೈಸೂರಿನ ಪಾಲು ಇರುವುದು ಪ್ರದರ್ಶನದಲ್ಲಲ್ಲ, ಕಾಗದಗಳಲ್ಲಿ. ಸಂಘದ ದಾಖಲೆಗಳನ್ನು ನೋಡಿಕೊಳ್ಳುವ ಸಂಶೋಧನಾ ಸಂಸ್ಥೆಯೊಂದು ಈಗ ಇದೆ. ಏಷ್ಯಾಕ್ಕೆ ಬಂದ ಈ ಸಂಘದ ಪಾದ್ರಿಗಳ ಪರಿಚಯ ಟಿಪ್ಪಣಿಗಳನ್ನು ಅದು ಅಂತರ್ಜಾಲದಲ್ಲೇ ಇಟ್ಟಿದೆ. ಭಾಷೆ ಫ್ರೆಂಚ್‌ ಆದರೂ ಊರಿನ ಹೆಸರುಗಳನ್ನು ಗುರುತಿಸುವುದು ಕಷ್ಟವೇನಲ್ಲ. ಹೇಮಾವತಿ ಹಿನ್ನೀರಿನಲ್ಲಿ ವರ್ಷಕ್ಕೊಮ್ಮೆ ಮುಳುಗಿ ಏಳುವ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚಿನ ಅವಶೇಷವನ್ನು ನೋಡಿದವರು, ಅದನ್ನು 1860ರ ಸುಮಾರಿಗೆ ಕಟ್ಟಿಸಿದವರೂ ಫ್ರೆಂಚ್‌ ಪಾದ್ರಿಗಳೇ ಎಂಬುದನ್ನು ಇಲ್ಲಿ ನೆನೆಯಬಹುದು.

ಲಂಡನ್‌: ಬಸವಣ್ಣನ ಪ್ರತಿಮೆಯ ಆಚೆ

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್‌ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರ ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಳ್ಳದೆ ಬರುವುದಿಲ್ಲ. ಅದೇ ದಿನ ನದಿಯಾಚೆ ಸಿಟಿ ರೋಡಿಗೆ ಹೋದರೆ ವೆಸ್ಲಿ ಚಾಪೆಲ್‌ ಸಿಗುತ್ತದೆ. ಮೆಥಡಿಸ್ಟ್‌ ಪಂಥದ ಸ್ಥಾಪಕ ಜಾನ್‌ ವೆಸ್ಲಿ 1778ರಲ್ಲಿ ಕಟ್ಟಿಸಿದ ಪ್ರಾರ್ಥನಾಲಯ ಇದು. ನೆಲಮಾಳಿಗೆಯಲ್ಲಿ ಮೆಥಡಿಸ್ಟ್‌ ಸಂಗ್ರಹಾಲಯ, ಪಕ್ಕದಲ್ಲಿ ವೆಸ್ಲಿ ಬಾಳಿದ ಮನೆ, ಹಿಂಬದಿಯಲ್ಲಿ ಅವರ ಸಮಾಧಿ ಇವೆ. ಮೈಸೂರಿನ ಹಾರ್ಡ್ವಿಕ್‌ ಶಾಲೆ, 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್‌ ಆಸ್ಪತ್ರೆ (ಹಳಬರ ಬಾಯಲ್ಲಿ ‘ಮಿಷನ್‌ ಆಸ್ಪತ್ರೆ’), ‘ವೃತ್ತಾಂತ ಪತ್ರಿಕೆ’ಯನ್ನು ಅಚ್ಚು ಹಾಕುತ್ತಿದ್ದ ವೆಸ್ಲಿಯನ್‌ ಮಿಷನ್‌ ಮುದ್ರಣಾಲಯ, ಇವೆಲ್ಲವುಗಳ ಬೇರು ಈ ಅಂಗಳದಲ್ಲಿದೆ. ಮೈಸೂರಿನಲ್ಲಿ ಹೆರಿಗೆಗೆ ಮಿಷನ್‌ ಆಸ್ಪತ್ರೆಗೆ ಹೋಗಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ಎದುರಿನ ಬೀದಿಯಲ್ಲೇ ಸಾಫ್ಟ್‌ವೇರ್‌ ಕಚೇರಿಗೆ ಹೋಗಿಬರುತ್ತಿದ್ದರೂ ಆಶ್ಚರ್ಯವಿಲ್ಲ.

ರಸ್ತೆಯ ಆಚೆ ಬದಿಯ ಬನ್‌ಹಿಲ್‌ ಫೀಲ್ಡ್ಸ್‌ ಸ್ಮಶಾನದಲ್ಲಿ ಜಾನ್‌ ಬನಿಯನ್‌ ಸಮಾಧಿಯಿದೆ. ಈತನ ಪ್ರಸಿದ್ಧ ಕೃತಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ಬಂದಿತ್ತು.

ಆದರೆ ಕಾಗದಪತ್ರಗಳು ಇರುವುದು ಚಾಪೆಲಿನಲ್ಲಲ್ಲ. ಲಂಡನ್‌ ಮಿಷನರಿ ಸೊಸೈಟಿ ಮತ್ತು ಮೆಥಡಿಸ್ಟ್‌ ಮಿಷನರಿ ಸೊಸೈಟಿ ಎರಡರ ದಾಖಲೆಗಳೂ ಬ್ರಿಟಿಷ್‌ ಮ್ಯೂಸಿಯಂಗೆ ಸಮೀಪದ ರಸೆಲ್‌ ಚೌಕದಲ್ಲಿರುವ ‘ಸೋಆಸ್‌’ ಗ್ರಂಥಾಲಯದಲ್ಲಿವೆ. ಏಷ್ಯಾ, ಆಫ್ರಿಕಾ ಅಧ್ಯಯನಕ್ಕೆ ಮೀಸಲಾದ ಈ ವಿದ್ಯಾಸಂಸ್ಥೆ ಲಂಡನ್‌ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಮೈಸೂರಿನ ವೆಸ್ಲಿಯನ್‌ ಪಾದ್ರಿಗಳು ಲಂಡನ್ನಿಗೆ ಬರೆದ ಪತ್ರಗಳು ಇಂಗ್ಲಿಷಿನಲ್ಲೇ ಇರುವುದರಿಂದ ನಮ್ಮ ಓದುಗರಿಗೆ ಅತಿ ಸುಲಭವಾಗಿ ಎಟುಕುವ ಮಿಷನ್‌ ಸಂಗ್ರಹ ಇದೇ ಎನ್ನಬೇಕು. ಗುಬ್ಬಿಯಲ್ಲಿ ಕೆಲಕಾಲ ಇದ್ದು ಕಣ್ಣಿನ ತೊಂದರೆಯಿಂದ ಊರಿಗೆ ಮರಳಿದ ವಿಲಿಯಂ ಆರ್ಥರ್‌ 1847ರಲ್ಲಿ ಮೈಸೂರು ಮಿಷನ್‌ ಕುರಿತು ಪ್ರಕಟಿಸಿದ ಪುಸ್ತಕವಂತೂ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯ. ಹೊರಡುವ ಮುನ್ನವೇ ಅದನ್ನು ತಿರುವಿಹಾಕುವುದು ಲೇಸು.

ಲೂಯಿಸ್‌ ರೈಸ್‌ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಲಂಡನ್ನಿನ ವಾಯುವ್ಯ ಅಂಚಿನ ಹ್ಯಾರೋದಲ್ಲಿ. 1927ರಲ್ಲಿ ಅಲ್ಲೇ ತೀರಿಕೊಂಡರು. ಇಂದು ಹ್ಯಾರೋದಲ್ಲಿ ಭಾರತೀಯ ಅಂಗಡಿಗಳ ಸಾಲುಗಳೇ ಇವೆ. ಕರಿಬೇವು ಕೊಳ್ಳಲು ಅಲ್ಲಿಗೆ ಹೋಗುವ ಮೈಸೂರಿನವರಿಗೆ, ತಮ್ಮೂರಿನ ವೀರಗಲ್ಲು, ದಾನಶಾಸನಗಳನ್ನು ಓದಿದಾತ ಇದೇ ಬೀದಿಗಳಲ್ಲಿ ವಿಶ್ರಾಂತ ಜೀವನ ನಡೆಸಿದ್ದರೆಂದು ತಿಳಿದರೆ ಸಾಕು.

ಬಾಸೆಲ್‌: ಮಿಷನ್‌ ಬೀದಿ, ಸಂಖ್ಯೆ 21

ಸ್ವಿಟ್ಜರ್ಲೆಂಡ್‌ ಎಂದರೆ ಹಿಮಪರ್ವತ, ಚಾಕೊಲೇಟು ಎಂದು ಹೊರಡುವ ಪ್ರವಾಸಿ ಬಸ್ಸುಗಳು ಬಾಸೆಲಿನಲ್ಲಿ ನಿಲ್ಲುವುದು ಕಡಿಮೆ. ಸ್ವಿಸ್‌, ಜರ್ಮನ್‌, ಫ್ರೆಂಚ್‌ ಗಡಿಗಳು ಕೂಡುವ, ರೈನ್‌ ನದಿಯ ಮೇಲಿನ ಈ ನಗರದಲ್ಲಿ 1815ರಲ್ಲಿ ಬಾಸೆಲ್‌ ಮಿಷನ್‌ ಸ್ಥಾಪನೆಯಾಯಿತು. 1834ರ ಅಕ್ಟೋಬರಿನಲ್ಲಿ ಸ್ಯಾಮುಯೆಲ್‌ ಹೆಬಿಕ್‌, ಲೆಹ್ನರ್‌, ಗ್ರೈನರ್‌ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಆ ಮೇಲಿನ ಕಥೆ ಕನ್ನಡ ಓದುಗರಿಗೆ ತಕ್ಕಮಟ್ಟಿಗೆ ಪರಿಚಿತ: 1836ರಲ್ಲಿ ಬಂದ ಹರ್ಮನ್‌ ಮೋಗ್ಲಿಂಗ್‌, 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’, ನೇಯ್ಗೆ ಕಾರ್ಖಾನೆ, 1865ರಲ್ಲಿ ಪ್ಲೆಬ್ಸ್ಟ್‌ ಆರಂಭಿಸಿದ ಹಂಚಿನ ಕಾರ್ಖಾನೆ. ರಾಜ್ಯದಲ್ಲಿ ಪತ್ರಿಕಾ ದಿನವನ್ನು ಜುಲೈ 1ರಂದು ಆಚರಿಸುವುದೂ ಆ ಪತ್ರಿಕೆಯ ನೆನಪಿಗೇ.

ಮಿಷನ್ನಿನ ಮುಖ್ಯ ಕಟ್ಟಡ ಇಂದಿಗೂ ಮಿಷನ್‌ ಬೀದಿಯ 21ನೇ ಸಂಖ್ಯೆಯಲ್ಲೇ ಇದೆ. ಮಂಗಳೂರಿಗೂ ಧಾರವಾಡಕ್ಕೂ ಬಂದ ಯುವಕರನ್ನು ತರಬೇತಿ ಕೊಟ್ಟು ಕಳುಹಿಸುತ್ತಿದ್ದ ಈ ಸಂಸ್ಥೆಯ ಮನೆಯ ಒಂದು ಭಾಗ ಈಗ ಅತಿಥಿಗೃಹ. ಹಣ ಕೊಟ್ಟು ಕೋಣೆ ಹಿಡಿದರೆ ಯಾರಾದರೂ ಅಲ್ಲಿ ತಂಗಬಹುದು. 2001ರಲ್ಲಿ ಬೇರೆ ಸಂಸ್ಥೆಗಳೊಂದಿಗೆ ಸೇರಿ ರೂಪುಗೊಂಡ ‘ಮಿಷನ್‌ 21’ ಸಂಸ್ಥೆಯ ಕಚೇರಿ ಮತ್ತು ಪತ್ರಾಗಾರಗಳೂ ಇದೇ ಆವರಣದಲ್ಲಿವೆ. ಹೆಸರಿನಲ್ಲಿರುವ 21, ಮನೆಯ ಸಂಖ್ಯೆಯೂ ಹೌದು, ಶತಮಾನವೂ ಹೌದು.

ಪತ್ರಾಗಾರದ ಹಿರಿಮೆ ಅದರ ಛಾಯಾಚಿತ್ರಗಳು. ಭಾರತ, ಆಫ್ರಿಕಾ, ಚೀನಾಗಳಿಂದ ಬಂದ ಸಾವಿರಾರು ಹಳೆಯ ಚಿತ್ರಗಳನ್ನು ಡಿಜಿಟಲೀಕರಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಲಾಗಿದೆ. ಬಲ್ಮಠ, ಧಾರವಾಡ, ಬೆಟಗೇರಿ, ಮಡಿಕೇರಿಗಳ ಮನೆ, ಬೀದಿ, ಶಾಲೆ, ಕಾರ್ಖಾನೆಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಹಾಗಿದ್ದ ಮೇಲೆ ಅಲ್ಲಿಗೆ ಏಕೆ ಹೋಗಬೇಕು? ಚಿತ್ರದ ಹಿಂಬದಿಯ ಬರಹ, ಅದು ಯಾವ ಆಲ್ಬಮ್ಮಿನ ಯಾವ ಪುಟದಲ್ಲಿತ್ತು, ಅದರೊಂದಿಗೆ ಬಂದ ಪತ್ರ ಏನು ಹೇಳುತ್ತದೆ ಎಂಬುದು ಕೈಗೆ ಸಿಗುವುದು ಓದುಕೋಣೆಯಲ್ಲಿ.

ಇಲ್ಲಿ ಒಂದು ತೊಡಕನ್ನು ಮೊದಲೇ ತಿಳಿಸಬೇಕು. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಮನೆಗೆ ಬರೆದ ಪತ್ರಗಳು ‘ಕುರೆಂಟ್‌’ ಎಂಬ ಹಳೆಯ ಜರ್ಮನ್‌ ಕೈಬರಹದಲ್ಲಿವೆ. ನಮ್ಮಲ್ಲಿ ಮೋಡಿ ಲಿಪಿ ಓದಬಲ್ಲವರು ಎಷ್ಟು ಅಪರೂಪವೋ ಅಲ್ಲಿ ಇದನ್ನು ಸಲೀಸಾಗಿ ಓದಬಲ್ಲವರೂ ಅಷ್ಟೇ ಅಪರೂಪ. ಎರಡು ವರ್ಷ ಜರ್ಮನ್‌ ಕಲಿತ ಮಗ ಜೊತೆಗಿದ್ದಾನೆಂದು ಧೈರ್ಯದಿಂದ ಹೋದವರು ಮೊದಲ ಪುಟದಲ್ಲೇ ಸೋಲುತ್ತಾರೆ. ಅಚ್ಚಾದ ವಾರ್ಷಿಕ ವರದಿಗಳಿಂದ ಆರಂಭಿಸುವುದು ಒಳ್ಳೆಯದು. ಮೊದಲ ಮಹಾಯುದ್ಧ ಆರಂಭವಾದ ಬಳಿಕ ಬ್ರಿಟಿಷ್‌ ಸರ್ಕಾರ ಜರ್ಮನ್‌ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳುಹಿಸಿತು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆದ್ದರಿಂದ ಕನ್ನಡ ಜಿಲ್ಲೆಗಳ ದೃಷ್ಟಿಯಿಂದ ಈ ಸಂಗ್ರಹದ ಸಮೃದ್ಧ ಕಾಲ 1834ರಿಂದ 1914ರವರೆಗಿನದು.

ಮಿಷನರಿಗಳು ಒಯ್ದ ವಸ್ತುಗಳು ನಗರದ ಪ್ರಧಾನ ಚರ್ಚಿನ ಚೌಕದಲ್ಲಿರುವ ಸಂಸ್ಕೃತಿಗಳ ವಸ್ತುಸಂಗ್ರಹಾಲಯದಲ್ಲಿವೆ. ಸಂಗ್ರಹದಲ್ಲಿರುವುದೆಲ್ಲ ಪ್ರದರ್ಶನದಲ್ಲಿ ಇರುವುದಿಲ್ಲ.

ಟ್ಯೂಬಿಂಗನ್‌ ಮತ್ತು ಕಾಲ್ವ್‌

ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ ಟ್ಯೂಬಿಂಗನ್‌. ನೆಕ್ಕರ್‌ ನದಿ, ಹಳೆಯ ಮರದ ಚೌಕಟ್ಟಿನ ಮನೆಗಳು, 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ. ಮೋಗ್ಲಿಂಗ್‌ ಓದಿದ್ದು ಇಲ್ಲಿ. ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಅವರಿಗೆ 1858ರಲ್ಲಿ, ನಿಘಂಟುಕಾರ ಫರ್ಡಿನಾಂಡ್‌ ಕಿಟ್ಟೆಲ್‌ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್‌ ನೀಡಿದ್ದೂ ಇದೇ ವಿಶ್ವವಿದ್ಯಾನಿಲಯ. ಕನ್ನಡದ ಕೆಲಸಕ್ಕೆ ಜರ್ಮನಿಯ ಪುಟ್ಟ ಪಟ್ಟಣವೊಂದು ಹೀಗೆ ಎರಡು ಬಾರಿ ಡಾಕ್ಟರೇಟ್‌ ಕೊಟ್ಟಿದೆ.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್‌, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್‌ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಂಜನಗೂಡಿನ ಶಾಸನಗಳ ಸಂಪುಟ ಹೊರಬಂದ ವರ್ಷವೂ ಅದೇ. ಕೊನೆಗಾಲವನ್ನು ಟ್ಯೂಬಿಂಗನ್ನಿನಲ್ಲಿ ಕಳೆದ ಕಿಟ್ಟೆಲ್‌ 1903ರ ಡಿಸೆಂಬರಿನಲ್ಲಿ ಅಲ್ಲೇ ನಿಧನರಾದರು. ಬೆಂಗಳೂರಿನ ಮೇಯೊ ಹಾಲ್‌ ಬಳಿಯ ಅವರ ಪ್ರತಿಮೆಯನ್ನು ದಿನವೂ ಹಾದುಹೋಗುವವರು ಸಾವಿರಾರು ಮಂದಿ. ಟ್ಯೂಬಿಂಗನ್ನಿನಲ್ಲಿ ಕಿಟ್ಟೆಲ್‌ ಹೆಸರು ಕೇಳಿದರೆ ದಾರಿಹೋಕರು ಹುಬ್ಬೇರಿಸಿದರೆ ಬೇಸರಪಡಬೇಕಿಲ್ಲ.

ವಿಶ್ವವಿದ್ಯಾನಿಲಯದ ಗ್ರಂಥಾಲಯ 2018ರಲ್ಲಿ ‘ಗುಂಡರ್ಟ್‌ ಪೋರ್ಟಲ್‌’ ಆರಂಭಿಸಿ ಮಲಯಾಳಂ ಜೊತೆಗೆ ಹಲವು ಹಳೆಯ ಕನ್ನಡ ಮುದ್ರಿತ ಕೃತಿಗಳನ್ನೂ ಅಂತರ್ಜಾಲಕ್ಕೆ ತಂದಿದೆ. ಮಲಯಾಳಂ ನಿಘಂಟುಕಾರ ಹರ್ಮನ್‌ ಗುಂಡರ್ಟ್‌ ಮತ್ತು ಮೋಗ್ಲಿಂಗ್‌ ಗೆಳೆಯರು. ಗುಂಡರ್ಟ್‌ ಕೊನೆಗೆ ನೆಲೆಸಿದ್ದು ಸ್ಟುಟ್‌ಗಾರ್ಟಿನ ಪಶ್ಚಿಮಕ್ಕಿರುವ ಕಾಲ್ವ್‌ ಎಂಬ ಪಟ್ಟಣದಲ್ಲಿ. ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್‌ ಹೆಸ್ಸೆ. ಹೆಸ್ಸೆ ಅಭಿಮಾನಿಗಳು ಕಾಲ್ವ್‌ಗೆ ಹೋಗುತ್ತಲೇ ಇರುತ್ತಾರೆ. ಅಜ್ಜನ ಕಥೆ ತಿಳಿದವರು ಆ ಊರನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ.

ರೋಮ್‌, ಬೆರ್ಗಮೊ, ಕೊಲೋನ್‌

ಮೈಸೂರು ಮಿಷನ್ನಿನ ಮೊದಲಿಗ ಲಿಯೊನಾರ್ಡೊ ಚಿನ್ನಾಮಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್‌. ಆ ಕಾಲದ ಮೈಸೂರಿನ ವರದಿಗಳು ರೋಮಿನ ಜೆಸ್ವಿಟ್‌ ಪತ್ರಾಗಾರ ಸೇರಿದವು. ಅದು ವಿದ್ವಾಂಸರಿಗಷ್ಟೇ ಉಪಯುಕ್ತ. ಸಾಮಾನ್ಯ ಪ್ರವಾಸಿಗರು ಜೆಸು ಚರ್ಚನ್ನು ನೋಡಬಹುದು. ಗೋವೆಯಲ್ಲಿ ಸಂತ ಫ್ರಾನ್ಸಿಸ್‌ ಕ್ಸೇವಿಯರರ ದೇಹವನ್ನು ದರ್ಶಿಸಿ ಬಂದವರಿಗೆ, ಅವರ ಬಲಗೈ ಇಲ್ಲಿರುವುದು ಕಾಣಸಿಗುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್‌ ಪ್ರಾರ್ಥನಾಲಯದ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಅಂತೋನಿಯೊ ಮೊಸ್ಕೇನಿ ಹುಟ್ಟಿದ್ದು ಬೆರ್ಗಮೊ ನಗರದ ಪಕ್ಕದ ಸ್ತೆಝಾನೊದಲ್ಲಿ. ಕಡಿಮೆ ದರದ ವಿಮಾನಗಳಲ್ಲಿ ಮಿಲಾನಿಗೆಂದು ಹೊರಟವರು ಇಳಿಯುವುದು ಬಹುಪಾಲು ಬೆರ್ಗಮೊದಲ್ಲೇ. ಇನ್ನು ಮೈಸೂರಿನವರಿಗೆ ಕೊಲೋನ್‌ ಕ್ಯಾಥೆಡ್ರಲ್‌ ಮುಂದೆ ನಿಂತಾಗ ‘ಎಲ್ಲೋ ನೋಡಿದಂತಿದೆ’ ಅನ್ನಿಸುವುದು ಭ್ರಮೆಯಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರಗಳಿಗೆ ಮಾದರಿ ಅದೇ.

ಚಿತ್ರದಲ್ಲಿರುವವರ ಹೆಸರೇನು?

ಮಿಷನರಿಗಳು ಇಲ್ಲಿಗೆ ಬಂದದ್ದು ನಿಘಂಟು ಬರೆಯಲು ಅಲ್ಲ, ಮತಪ್ರಚಾರಕ್ಕೆ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಊರಿಗೆ ಕಳುಹಿಸಿದ ವರದಿ, ಚಿತ್ರಗಳ ಒಂದು ಉದ್ದೇಶ ಅಲ್ಲಿನ ದಾನಿಗಳ ಮನಸ್ಸು ಕರಗಿಸುವುದಾಗಿತ್ತು. ಆದ್ದರಿಂದ ನಮ್ಮ ಹಬ್ಬ, ಜಾತ್ರೆ, ದೇವರುಗಳ ವರ್ಣನೆಯಲ್ಲಿ ಅಜ್ಞಾನ, ಅಂಧಕಾರ ಎಂಬ ಮಾತುಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಓದುವಾಗ ಮನಸ್ಸು ಕಹಿಯಾಗುವುದು ಸಹಜ. ಹಾಗೆಂದು ಪುಟ ಮುಚ್ಚಿದರೆ ನಷ್ಟ ಓದುಗರದೇ. ಬರಗಾಲ, ಕೂಲಿಯ ದರ, ಶಾಲೆಗೆ ಬಂದ ಮಕ್ಕಳ ಸಂಖ್ಯೆ, ಕೆರೆ ನೀರು ಮುಟ್ಟಲು ಯಾರಿಗೆ ಅವಕಾಶವಿತ್ತು ಎಂಬ ವಿವರಗಳೂ ಅದೇ ಪುಟಗಳಲ್ಲಿವೆ. ಅರಮನೆಯ ಕಡತಗಳಾಗಲಿ ದಾನಶಾಸನಗಳಾಗಲಿ ಬಡ ಕುಟುಂಬಗಳ ಬಗ್ಗೆ ಹೇಳುವುದು ಅತ್ಯಲ್ಪ.

ಛಾಯಾಚಿತ್ರಗಳಲ್ಲಿ ಇನ್ನೂ ಒಂದು ಕೊರತೆ ಎದ್ದು ಕಾಣುತ್ತದೆ. ನಡುವೆ ಕುಳಿತ ಯೂರೋಪಿಯನ್ನರ ಹೆಸರುಗಳಿರುತ್ತವೆ. ಸುತ್ತ ನಿಂತವರು ಅನೇಕ ಕಡೆ ಬರೀ ‘ನೇಕಾರರು’, ‘ಶಾಲೆಯ ಬಾಲಕಿಯರು’, ‘ಬೈಬಲ್‌ ಓದುವ ಹೆಂಗಸು’. ಕಿಟ್ಟೆಲ್‌ಗೆ ಪದಗಳ ಅರ್ಥ ಹೇಳಿಕೊಟ್ಟ ಪಂಡಿತರು, ರೈಸ್‌ಗೆ ಕಲ್ಲಿನ ಅಚ್ಚು ತೆಗೆದುಕೊಟ್ಟ ಗುಮಾಸ್ತರು ಎಷ್ಟು ಮಂದಿ ಓದುಗರಿಗೆ ಗೊತ್ತು? ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜ-ಅಜ್ಜಿಯ ಚಿತ್ರ ಇಟ್ಟುಕೊಂಡಿರುವ ಕುಟುಂಬಗಳು ಅದರ ಪ್ರತಿಯೊಂದನ್ನು ಜೊತೆಗೆ ಒಯ್ದರೆ, ಹೆಸರಿಲ್ಲದ ಒಂದು ಮುಖಕ್ಕೆ ಹೆಸರು ಸಿಗಬಹುದು. ಅಂಥ ಮಾಹಿತಿಯನ್ನು ಪತ್ರಾಗಾರದವರಿಗೂ ಲಿಖಿತವಾಗಿ ಕೊಟ್ಟು ಬರಬೇಕು. ಸ್ಥಳೀಯರ ಹೆಸರುಗಳನ್ನು ಸೇರಿಸುವ ಕೆಲಸ ಸ್ಥಳೀಯರಿಂದಲ್ಲದೆ ಇನ್ನಾರಿಂದಲೂ ಆಗದು.

ಹೊರಡುವ ಮುನ್ನ

ಪತ್ರಾಗಾರಗಳು ವಾರದ ಕೆಲಸದ ದಿನಗಳಲ್ಲಿ ಮಾತ್ರ ತೆರೆದಿರುತ್ತವೆ; ನೇರವಾಗಿ ಹೋಗಿ ಬಾಗಿಲು ತಟ್ಟಿದರೆ ಪ್ರಯೋಜನವಿಲ್ಲ. ಹಲವು ವಾರ ಮೊದಲೇ ಇ-ಮೇಲ್‌ ಬರೆದು, ಯಾವ ಊರು, ಯಾವ ಕಾಲ, ಯಾವ ಮಿಷನರಿ ಎಂದು ಸ್ಪಷ್ಟವಾಗಿ ತಿಳಿಸಿ, ದಿನ ಗೊತ್ತು ಮಾಡಿಕೊಳ್ಳಬೇಕು. ಗುರುತಿಗೆ ಪಾಸ್‌ಪೋರ್ಟ್‌ ಜೊತೆಗಿರಲಿ. ಓದುಕೋಣೆಯಲ್ಲಿ ಪೆನ್ನಿಗೆ ಸಾಮಾನ್ಯವಾಗಿ ನಿಷೇಧ, ಸೀಸದ ಕಡ್ಡಿಗೆ ಮಾತ್ರ ಅನುಮತಿ. ಚಿತ್ರ ತೆಗೆಯಲು ಪ್ರತ್ಯೇಕವಾಗಿ ಕೇಳಬೇಕು. ಊರಿನ ಹೆಸರುಗಳ ಹಳೆಯ ಇಂಗ್ಲಿಷ್‌ ಕಾಗುಣಿತವನ್ನು ಬರೆದಿಟ್ಟುಕೊಳ್ಳದಿದ್ದರೆ ಸೂಚಿಯಲ್ಲಿ ಹುಡುಕುವುದೇ ಕಷ್ಟ. ಮೈಸೂರು, ಮಡಿಕೇರಿಗಳಿಗೇ ಹಳೆಯ ಪುಸ್ತಕಗಳಲ್ಲಿ ಬೇರೆ ರೂಪಗಳಿವೆ, ಸಣ್ಣ ಊರುಗಳ ಪಾಡು ಕೇಳಬೇಕೆ?

ಚರ್ಚುಗಳಿಗೆ ಇಷ್ಟು ನಿಯಮಗಳಿಲ್ಲ. ಪ್ರಾರ್ಥನೆಯ ವೇಳೆ ಓಡಾಡಬಾರದು, ಗಂಡಸರು ಟೋಪಿ ತೆಗೆಯಬೇಕು. ಪಾದರಕ್ಷೆ ಬಿಡುವ ಜಾಗ ಎಲ್ಲಿದೆಯೆಂದು ನಮ್ಮ ಹಿರಿಯರು ಬಾಗಿಲಲ್ಲೇ ತಡವರಿಸುವುದುಂಟು. ಅಲ್ಲಿ ಪಾದರಕ್ಷೆ ಬಿಡಬೇಕಾಗಿಲ್ಲ.

ಹಿರಿಯರ ಜ್ಞಾನಸ್ನಾನ, ಮದುವೆಯ ವಿವರ ಹುಡುಕುವ ಕ್ರೈಸ್ತ ಕುಟುಂಬಗಳು ವಿದೇಶಕ್ಕೆ ಹೋಗುವ ಮೊದಲು ಊರ ಚರ್ಚಿನ ಪುಸ್ತಕಗಳನ್ನೇ ನೋಡಬೇಕು. ಅಂಥ ದಾಖಲೆಗಳು ಸಾಮಾನ್ಯವಾಗಿ ಇಲ್ಲೇ ಉಳಿದಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್‌ ಕಾಲೇಜು ಮತ್ತು ಬೆಂಗಳೂರಿನ ಯುನೈಟೆಡ್‌ ಥಿಯಾಲಾಜಿಕಲ್‌ ಕಾಲೇಜುಗಳಲ್ಲೂ ಮಿಷನ್‌ ಕಾಲದ ದಾಖಲೆಗಳ ಸಂಗ್ರಹಗಳಿವೆ. ಹೆಡತಲೆಯ ಸುತ್ತಮುತ್ತಲಿನವರಿಗೆ ಇನ್ನೂ ಹತ್ತಿರದ ಆರಂಭವೊಂದಿದೆ. ರೈಸ್‌ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಪರಿಷ್ಕರಿಸಿ ಪ್ರಕಟಿಸಿದೆ. ನಂಜನಗೂಡು ತಾಲೂಕಿನ ಶಾಸನಗಳು ಪರಿಷ್ಕೃತ ಮಾಲೆಯಲ್ಲೂ ಮೂರನೆಯ ಸಂಪುಟದಲ್ಲೇ ಇವೆ. ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗಲು ವೀಸಾ ಬೇಕಿಲ್ಲ.